ಹುಗ್ಗಿಯ ಲಕ್ಷಣವೂ ದೇಶಭೇದವೂ



ಉತ್ಸವದ ಸಭೆಯಲ್ಲಿ ಶಾಸ್ತ್ರವಿಚಾರ ನಡೆಯುವುದು ವಾಡಿಕೆ. ಅಂಥ ಸಭೆಯಲ್ಲಿ ಅಡಿಗೆಯ ಮನೆಯ ವಿಷಯವನ್ನು ಎತ್ತುವುದು ಕೆಲವರಿಗೆ ಹಗುರವಾಗಿ ತೋರಬಹುದು. ಆದರೆ ಸಭೆ ಮುಗಿದ ಕೂಡಲೆ ಎಲ್ಲರೂ ಪಂಕ್ತಿಗೆ ಕುಳಿತುಕೊಳ್ಳುವರಷ್ಟೆ. ಪಂಕ್ತಿಯಲ್ಲಿ ಎಲೆಯ ಮೇಲೆ ಬೀಳುವ ಪದಾರ್ಥಕ್ಕೂ ಒಂದು ನಾಮ, ಒಂದು ಲಕ್ಷಣ, ಒಂದು ಚರಿತ್ರೆ ಉಂಟು. ಆ ಪದಾರ್ಥಗಳಲ್ಲಿ ಹುಗ್ಗಿಯೆಂಬುದು ಕನ್ನಡನಾಡಿನವರೆಲ್ಲರಿಗೂ ಪ್ರಿಯವಾದುದು. ಸುಗ್ಗಿಗೂ ಹುಗ್ಗಿಗೂ ಪ್ರಾಸ ಕೂಡಿಬಂದಿರುವುದು ಬರಿಯ ಶಬ್ದಗಳ ಹೊಂದಿಕೆಯಲ್ಲ. ಹೊಸ ಬೆಳೆ ಮನೆಗೆ ಬಂದಾಗ ಒಲೆಯ ಮೇಲೆ ಏರುವ ಮೊದಲ ಅಡಿಗೆಗಳಲ್ಲಿ ಅದೂ ಒಂದು.

ಆದರೆ ಹುಗ್ಗಿಯೆಂದರೆ ಏನು ಎಂದು ಕೇಳಿದರೆ ಈ ಸಭೆಯಲ್ಲಿಯೇ ಒಂದು ಉತ್ತರ ಬಾರದು. ಮೈಸೂರು, ಮಂಡ್ಯ, ತುಮಕೂರುಗಳ ಕಡೆಯ ಭಕ್ತನು ಅಕ್ಕಿಯೂ ಹೆಸರುಬೇಳೆಯೂ ಕೂಡಿ ಬೆಂದು, ಮೆಣಸು ಜೀರಿಗೆಗಳ ಕಂಪಿನಿಂದ ಕೂಡಿದ ಖಾದ್ಯವನ್ನು ನೆನೆಯುವನು. ಧಾರವಾಡ, ಬಾಗಲಕೋಟೆ, ಕಲಬುರಗಿಗಳ ಕಡೆಯವನು ಕುಟ್ಟಿದ ಗೋಧಿಯೂ ಬೆಲ್ಲವೂ ಕೂಡಿದ, ಹಾಲು ತುಪ್ಪ ಹಾಕಿಕೊಂಡು ಉಣ್ಣತಕ್ಕ ಸಿಹಿಯನ್ನು ನೆನೆಯುವನು. ಶಬ್ದ ಒಂದು, ಅರ್ಥ ಎರಡು. ಪ್ರತಿಯೊಬ್ಬನೂ ತನ್ನ ತಾಯಿಯ ಒಲೆಯ ಮೇಲೆ ಕಂಡುದನ್ನೇ ಮುಖ್ಯಾರ್ಥವೆಂದೂ ಮತ್ತೊಬ್ಬನದು ಅಪಭ್ರಂಶವೆಂದೂ ಭಾವಿಸುವನು. ಈ ಭಾವನೆ ಸರಿಯೋ ತಪ್ಪೋ ಎಂಬುದೇ ಇಂದಿನ ವಿಚಾರ.

ಯಾವುದೊಂದು ವಸ್ತುವಿಗೆ ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗುಲದಂತೆ ಹೇಳಬೇಕೆಂಬುದು ತರ್ಕಶಾಸ್ತ್ರದ ನಿಯಮ. ಪಾಠಶಾಲೆಯ ಬಾಲಕರೂ ಬಲ್ಲ ದೃಷ್ಟಾಂತವಿದು: ಕಪಿಲವರ್ಣವೇ ಹಸುವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಹಸುವಾಗುವುದು, ಇದು ಅತಿವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಹಸುವೆಂದರೆ ಅಂಥ ಹಸು ಲೋಕದಲ್ಲಿಯೇ ಇಲ್ಲ, ಇದು ಅಸಂಭವ.

ಈ ಒರೆಗಲ್ಲಿಗೆ ಹುಗ್ಗಿಯನ್ನು ತಿಕ್ಕಿ ನೋಡೋಣ. ಅಕ್ಕಿಯಿಂದ ಮಾಡಿದ್ದೇ ಹುಗ್ಗಿಯೆಂದರೆ ಗೋಧಿಯ ಹುಗ್ಗಿಯೂ ನವಣೆಯ ಹುಗ್ಗಿಯೂ ಹೊರಗುಳಿಯುವುವು. ಬೇಳೆ ಕೂಡಿದ್ದೇ ಹುಗ್ಗಿಯೆಂದರೂ ಅದೇ ದೋಷ. ಗೋಧಿಯ ಹುಗ್ಗಿಗೆ ಬೇಳೆ ಬೇಕೇಬೇಕೆಂಬ ನಿಯಮವಿಲ್ಲ. ಸಿಹಿಯೇ ಲಕ್ಷಣವೆಂದರೆ ಮೆಣಸಿನ ಹುಗ್ಗಿ ಹೊರಗೆ. ಖಾರವೇ ಲಕ್ಷಣವೆಂದರೆ ಬೆಲ್ಲದ ಹುಗ್ಗಿ ಹೊರಗೆ. ಇವೆಲ್ಲವೂ ಅವ್ಯಾಪ್ತಿದೋಷಗಳು. ಹಾಗಾದರೆ ನೀರಿನಲ್ಲಿ ಮೆತ್ತಗೆ ಬೆಂದ ಧಾನ್ಯವೆಲ್ಲವೂ ಹುಗ್ಗಿಯೆಂದು ಹೇಳಬಹುದೇ? ಹೇಳಿದರೆ ಗಂಜಿಯೂ ಅಂಬಲಿಯೂ ಪಾಯಸವೂ ಬಿಸಿಬೇಳೆ ಹುಳಿಯನ್ನವೂ ಒಳಗೆ ಬರುವುವು, ಇದು ಅತಿವ್ಯಾಪ್ತಿ.

ಆದುದರಿಂದ ಲಕ್ಷಣವನ್ನು ಹೀಗೆ ಹೇಳತಕ್ಕದ್ದು: ಹಿಟ್ಟಾಗದ ಧಾನ್ಯವು, ಒಂದೇ ಪಾತ್ರೆಯಲ್ಲಿ, ಹುಳಿ ಸೇರದೆ, ಅನ್ನಕ್ಕಿಂತ ಮೆತ್ತಗೂ ಗಂಜಿಗಿಂತ ಗಟ್ಟಿಯಾಗಿಯೂ ಬೆಂದು, ಕಾಳು ಕರಗಿಯೂ ಕಾಣುವಂತಿದ್ದರೆ ಅದು ಹುಗ್ಗಿ. ಹಿಟ್ಟಾಗದ ಎಂಬುದರಿಂದ ಅಂಬಲಿಯೂ, ಗಟ್ಟಿ ಎಂಬುದರಿಂದ ಗಂಜಿ ಪಾಯಸಗಳೂ, ಹುಳಿ ಸೇರದೆ ಎಂಬುದರಿಂದ ಬಿಸಿಬೇಳೆ ಹುಳಿಯನ್ನವೂ, ಮೆತ್ತಗೆ ಎಂಬುದರಿಂದ ಬಿಡಿಬಿಡಿಯಾದ ಅನ್ನವೂ ವ್ಯಾವೃತ್ತಿಯಾಗುವುವು. ಈ ಲಕ್ಷಣದಲ್ಲಿ ಇಂಥದೇ ಧಾನ್ಯವೆಂಬ ಮಾತಿಲ್ಲ. ಸಿಹಿ ಖಾರಗಳ ಮಾತಿಲ್ಲ. ಅವೆರಡನ್ನೂ ನಿರ್ಣಯಿಸುವುದು ನೆಲವೂ ಋತುವೂ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾಡಿನ ಒಂದೊಂದು ಭಾಗವನ್ನೂ ಸುತ್ತಿ ಬರಬಹುದು.

ಮೊದಲು ಹಳೆಯ ಮೈಸೂರು ಸೀಮೆ. ಇಲ್ಲಿ ಕಾವೇರಿ, ಹೇಮಾವತಿಗಳ ನಾಲೆಗಳೂ ಊರೂರಿನ ಕೆರೆಗಳೂ ಬತ್ತದ ಗದ್ದೆಗಳನ್ನು ಪೋಷಿಸಿದುವು. ಆದುದರಿಂದ ಹುಗ್ಗಿ ಅಕ್ಕಿಯದಾಯಿತು. ಸಾಮಾನ್ಯವಾದ ಪ್ರಮಾಣ ಒಂದು ಪಾವು ಅಕ್ಕಿಗೆ ಅರ್ಧ ಪಾವು ಹೆಸರುಬೇಳೆ. ಕೆಲವು ಮನೆಗಳಲ್ಲಿ ಎರಡನ್ನೂ ಸಮನಾಗಿ ಹಾಕುವರು. ಬೇಳೆಯನ್ನು ಬರಿಯ ಬಾಣಲೆಯಲ್ಲಿ ಕೆಂಪಗಾಗದಂತೆ ಘಮ್ಮೆನ್ನುವವರೆಗೆ ಹುರಿಯತಕ್ಕದ್ದು. ಹುರಿದ ಬೇಳೆಯಿಂದ ಕಂಪು ಬರುವುದಲ್ಲದೆ ಅಡಿಗೆ ಅಂಟಂಟಾಗುವುದೂ ತಪ್ಪುವುದು. ಧಾನ್ಯದ ನಾಲ್ಕೈದು ಪಾಲು ನೀರಿನಲ್ಲಿ ಎರಡೂ ಒಟ್ಟಿಗೆ ಬೇಯುವುವು. ಬೆಂದ ಮೇಲೆ ಖಾರದ ಹುಗ್ಗಿಗೆ ಉಪ್ಪು, ಶುಂಠಿ, ಕಾಯಿತುರಿ, ತುಪ್ಪದಲ್ಲಿ ಹುರಿದ ಕರಿಮೆಣಸು, ಜೀರಿಗೆ, ಕರಿಬೇವು, ಇಂಗು. ಸಿಹಿ ಹುಗ್ಗಿಗೆ ಬೆಲ್ಲ, ಏಲಕ್ಕಿ, ಕಾಯಿತುರಿ, ದ್ರಾಕ್ಷಿ, ಗೋಡಂಬಿ. ಖಾರದ ಹುಗ್ಗಿಯ ಪಕ್ಕದಲ್ಲಿ ಹುಣಸೆಯ ಗೊಜ್ಜನ್ನು ಬಡಿಸುವರು. ಹುಳಿ ಎಲೆಯ ಮೇಲೆ ಬರುವುದೇ ಹೊರತು ಪಾತ್ರೆಯೊಳಗೆ ಬಾರದು. ಹುಳಿ ಬಿದ್ದ ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗದೆಂಬುದನ್ನು ಅಡಿಗೆ ಮಾಡುವ ತಾಯಂದಿರೆಲ್ಲರೂ ಬಲ್ಲರು. ಲಕ್ಷಣದಲ್ಲಿ ಹುಳಿಯನ್ನು ನಿಷೇಧಿಸಿದ್ದು ರುಚಿಗಾಗಿ ಮಾತ್ರವಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಮಕರಸಂಕ್ರಾಂತಿಯ ದಿನ ಈ ಸೀಮೆಯಲ್ಲಿ ಎಳ್ಳುಬೆಲ್ಲವನ್ನು ಬೀರಿ, ದನಗಳ ಮೈತೊಳೆದು ಸಿಂಗರಿಸಿ, ಸಂಜೆಗೆ ಕಿಚ್ಚು ಹಾಯಿಸುವರು. ಮನೆಯೊಳಗೆ ಖಾರ ಸಿಹಿ ಎರಡು ಹುಗ್ಗಿಗಳೂ ಆಗುವುವು. ಆ ಕಾಲದಲ್ಲಿಯೇ ಅವರೆಕಾಯಿಯ ಸೊಗಡು ಸಂತೆಯನ್ನು ತುಂಬುವುದರಿಂದ ಬೆಂಗಳೂರು, ಕೋಲಾರ, ತುಮಕೂರುಗಳ ಕಡೆ ಹುಗ್ಗಿಗೆ ಹಸಿಯ ಅವರೆಕಾಳನ್ನು ಹಾಕುವ ರೂಢಿಯೂ ಉಂಟು. ಧಾನ್ಯವು ನೆಲವನ್ನು ಅನುಸರಿಸುವಂತೆ ಕಾಳು ಋತುವನ್ನು ಅನುಸರಿಸುವುದು.

ಪಶ್ಚಿಮದ ಕರಾವಳಿಗೆ ಇಳಿದರೆ ಕಾಲ ಸ್ವಲ್ಪ ಹಿಂದೆ ಸರಿಯುವುದು. ಅಲ್ಲಿ ಹುಗ್ಗಿ ಧನುರ್ಮಾಸದ ಆಹಾರ. ಉಡುಪಿಯ ಶ್ರೀಕೃಷ್ಣಮಠದಲ್ಲಿ ಆ ತಿಂಗಳು ಬೆಳಗಾಗುವ ಮುನ್ನವೇ ಪೂಜೆ ನಡೆದು ಹುಗ್ಗಿ ನೈವೇದ್ಯವಾಗುವುದು. ಸಂಸ್ಕೃತಜ್ಞರು ಇದನ್ನು ಮುದ್ಗಾನ್ನವೆಂದು ಕರೆಯುವರು, ಮುದ್ಗವೆಂದರೆ ಹೆಸರು. ಚಳಿಗಾಲದ ಮುಂಜಾನೆ ಜಠರಾಗ್ನಿ ಪ್ರಬಲವಾಗಿರುವಾಗ ಬಿಸಿಯಾದ, ತುಪ್ಪ ಕೂಡಿದ ಆಹಾರವು ಹಿತವೆಂಬ ಋತುಚರ್ಯೆಯ ಅಭಿಪ್ರಾಯಕ್ಕೂ ಈ ಆಚಾರವು ಹೊಂದಿಕೆಯಾಗಿದೆ.

ಇನ್ನು ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋದರೆ ನೆಲದ ಬಣ್ಣವೇ ಬದಲಾಗುವುದು. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೆ ವಿಜಯಪುರದಲ್ಲಿ ಬೀಳುವುದು ಸುಮಾರು ೬೦೦ ಮಿಲಿಮೀಟರು ಮಾತ್ರ. ಆದರೆ ಅಲ್ಲಿಯ ಎರೆಭೂಮಿ ಮುಂಗಾರು ಹಿಂಗಾರುಗಳ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುವುದು. ಆ ತೇವವನ್ನೇ ನೆಚ್ಚಿ ಚಳಿಗಾಲದಲ್ಲಿ ಬಿಳಿಜೋಳವೂ ಗೋಧಿಯೂ ಬೆಳೆಯುವುವು. ನೀರು ನಿಲ್ಲದ ನಾಡಿನಲ್ಲಿ ಬತ್ತವೆಲ್ಲಿಯದು? ಆದುದರಿಂದ ಹುಗ್ಗಿ ಗೋಧಿಯದಾಯಿತು.

ಈ ಹುಗ್ಗಿಯ ಕ್ರಮವು ಅಕ್ಕಿಯದಕ್ಕಿಂತ ದೀರ್ಘವಾದುದು. ಇದಕ್ಕೆ ಹೆಸರಾದುದು ಜವೆಗೋಧಿ. ಕೆಲವೆಡೆ ಖಪ್ಲಿ, ಸದಕ ಎಂದೂ ಕರೆಯುವರು. ಇದರ ಹೊಟ್ಟು ಕಾಳಿಗೆ ಬಿಗಿದುಕೊಂಡಿರುವುದು. ಸಾಮಾನ್ಯ ಗೋಧಿಯಂತೆ ಬಡಿದ ಮಾತ್ರಕ್ಕೆ ಬಿಡದು. ಆದಕಾರಣ ಗೋಧಿಗೆ ನೀರು ಚಿಮುಕಿಸಿ, ಒರಳಿನಲ್ಲಿ ಹಾಕಿ, ಒನಕೆಯಿಂದ ಕುಟ್ಟಿ, ಒಣಗಿಸಿ, ಮೊರದಲ್ಲಿ ಕೇರಿ ಸಿಪ್ಪೆಯನ್ನು ತೆಗೆಯತಕ್ಕದ್ದು. ಕಾಳು ಬೆತ್ತಲೆಯಾಗಬೇಕು, ಪುಡಿಯಾಗಬಾರದು. ಹೀಗೆ ಕುಟ್ಟಿದ ಗೋಧಿಯನ್ನು ರಾತ್ರಿಯೇ ನೆನೆಯಿಟ್ಟು, ಮರುದಿನ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ಕಾಳುಗಳು ಅರಳಿ ಬಾಯಿಬಿಡುವುವು. ಅನಂತರವೇ ಬೆಲ್ಲ. ಗೋಧಿ ಬೇಯುವ ಮುನ್ನ ಬೆಲ್ಲ ಬಿದ್ದರೆ ಕಾಳು ಹಾಗೆಯೇ ಬಿಗಿದುಕೊಂಡು ಎಷ್ಟು ಕಟ್ಟಿಗೆ ಸುಟ್ಟರೂ ಮೆತ್ತಗಾಗದು. ಕೊನೆಗೆ ಏಲಕ್ಕಿ, ಗಸಗಸೆ, ಒಣಕೊಬ್ಬರಿ, ಶುಂಠಿಪುಡಿ. ಹಾಲನ್ನು ಬೆಲ್ಲದೊಡನೆ ಕುದಿಸಿದರೆ ಒಡೆಯುವ ಭಯವುಂಟಾದುದರಿಂದ ಬಿಸಿಹಾಲನ್ನೂ ತುಪ್ಪವನ್ನೂ ಎಲೆಯ ಮೇಲೆಯೇ ಬಡಿಸುವರು. ಜಾತ್ರೆಯಲ್ಲಿ ಕೊಪ್ಪರಿಗೆಗಟ್ಟಲೆ ಹುಗ್ಗಿ ಮಾಡುವಾಗಲೂ ಈ ಕ್ರಮವು ಬದಲಾಗದು. ಉರಿ ದೊಡ್ಡದಾಗುವುದು, ತಾಳ್ಮೆಯೂ ದೊಡ್ಡದಾಗಬೇಕಾಗುವುದು.

ಅದೇ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ರೈತನು ಬುತ್ತಿಗಂಟನ್ನು ಕಟ್ಟಿಕೊಂಡು ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವನು. ಅಂದಿನ ಅಡಿಗೆಗಳಲ್ಲಿ ಭಜ್ಜಿ, ಸಜ್ಜೆಯ ರೊಟ್ಟಿ, ಕಡುಬುಗಳೊಡನೆ ಹುಗ್ಗಿಯೂ ಇರುವುದುಂಟು. ಕೊಟ್ಟ ನೆಲಕ್ಕೆ ಮೊದಲ ತುತ್ತು. ಉಳಿದುದು ಮನೆಯವರಿಗೂ ಬಂದ ನೆರೆಯವರಿಗೂ.

ಗೋಧಿಯೂ ಅಕ್ಕಿಯೂ ಎಟುಕದ ಮಕ್ಕಿಯ ಭೂಮಿಗಳೂ ಉಂಟು. ಅಲ್ಲಿ ನವಣಕ್ಕಿಯಿಂದ ಹುಗ್ಗಿ ಮಾಡುವರು. ನವಣೆ ಮೂರು ತಿಂಗಳೊಳಗೆ ಪೈರಾಗುವ ಧಾನ್ಯ. ಮಳೆ ತಡವಾದರೂ ಕೈಬಿಡದು. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಬಡವನ ಮನೆಯಲ್ಲಿ ಹಬ್ಬವು ಹಬ್ಬವಾಗಿಯೇ ಉಳಿದುದು ಈ ಸಣ್ಣ ಧಾನ್ಯದ ಉಪಕಾರದಿಂದ. ಇದನ್ನು ಹುಗ್ಗಿಯಲ್ಲವೆಂದು ಹೇಳುವ ಧೈರ್ಯ ಯಾರಿಗುಂಟು?

ನೆರೆಯ ನಾಡುಗಳನ್ನೂ ಸಂಕ್ಷೇಪವಾಗಿ ನೋಡಬಹುದು. ತಮಿಳುನಾಡಿನಲ್ಲಿ ಇದೇ ಪದಾರ್ಥ ಪೊಂಗಲ್. ಉಕ್ಕುವುದು ಎಂಬರ್ಥದ ಧಾತುವಿನಿಂದ ಆ ಹೆಸರು ಬಂದಿದೆ. ಕನ್ನಡದ ಹೊಂಗು ಎಂಬುದೂ ಅದರ ಒಡಹುಟ್ಟು. ತೈ ತಿಂಗಳ ಮೊದಲ ದಿನ ಹೊಸ ಗಡಿಗೆಯ ಕೊರಳಿಗೆ ಹಸಿಯ ಅರಿಸಿನದ ಗಿಡವನ್ನು ಕಟ್ಟಿ, ಹಾಲು ಉಕ್ಕಿದಾಗ ಮಕ್ಕಳು ಕೂಗಿ ಹರ್ಷಿಸುವರು. ವೆಣ್‌ಪೊಂಗಲ್ ಮೆಣಸಿನದು, ಶರ್ಕರೈಪೊಂಗಲ್ ಬೆಲ್ಲದ್ದು; ಮೈಸೂರಿನ ಎರಡು ಹುಗ್ಗಿಗಳ ಜೋಡಿಯೇ ಅಲ್ಲಿಯೂ ಇದೆ. ಕೇರಳದ ತಿರುವನಂತಪುರದ ಆಟ್ಟುಕಾಲ್ ಕ್ಷೇತ್ರದಲ್ಲಿ ಹೆಂಗಸರು ಬೀದಿಬೀದಿಗಳಲ್ಲಿ ಇಟ್ಟಿಗೆಯ ಒಲೆ ಹೂಡಿ ಪೊಂಗಾಲ ಮಾಡುವರು. ೨೦೦೯ರಲ್ಲಿ ಅಲ್ಲಿ ೨೫ ಲಕ್ಷ ಹೆಂಗಸರು ನೆರೆದಿದ್ದರೆಂದು ಗಿನ್ನೆಸ್ ದಾಖಲೆಯು ಹೇಳುತ್ತದೆ. ತೆಲುಗರ ನಾಡಿನಲ್ಲಿ ಇದು ಪುಲಗಂ. ರಾಯಲಸೀಮೆಯವರು ಅದನ್ನು ಕಡಲೆಕಾಯಿಯ ಚಟ್ನಿಯೊಡನೆ ಉಣ್ಣುವರು.

ಉತ್ತರಹಿಂದುಸ್ಥಾನದಲ್ಲಿ ಇದು ಖಿಚಡಿ. ಅಲ್ಲಿಯ ಅನೇಕ ಕಡೆಗಳಲ್ಲಿ ಸಂಕ್ರಾಂತಿಹಬ್ಬಕ್ಕೇ ಖಿಚಡಿಯೆಂದು ಹೆಸರು. ಗೋರಖಪುರದ ಗೋರಖನಾಥ ಮಠಕ್ಕೆ ಭಕ್ತರು ಆ ದಿನ ಅಕ್ಕಿಬೇಳೆಗಳನ್ನು ಹೊತ್ತು ತಂದು ಅರ್ಪಿಸುವರು. ಬಂಗಾಳದವರು ಹೆಸರುಬೇಳೆಯನ್ನು ಕೆಂಪಗೆ ಹುರಿದು ದುರ್ಗಾಪೂಜೆಯ ಭೋಗಕ್ಕೆ ಖಿಚುರಿ ಮಾಡುವರು. ಗುರ್ಜರರು ಮಜ್ಜಿಗೆಯ ಕಢಿಯನ್ನು ಜೊತೆಗಿಟ್ಟುಕೊಳ್ಳುವರು. ಇಲ್ಲಿಯೂ ಹುಳಿ ಪಕ್ಕದಲ್ಲಿರುವುದೇ ಹೊರತು ಪಾತ್ರೆಯೊಳಗಿಲ್ಲವೆಂಬುದು ಗಮನಾರ್ಹ.

ಖಿಚಡಿ ಶಬ್ದದ ಮೂಲವಾದ ಕೃಸರ ಅಥವಾ ಕೃಶರಾ ಎಂಬ ಸಂಸ್ಕೃತಶಬ್ದವೂ ಒಂದೇ ಅರ್ಥದಲ್ಲಿ ನಿಲ್ಲಲಿಲ್ಲ. ಪ್ರಾಚೀನಗ್ರಂಥಗಳಲ್ಲಿ ಅದು ಎಳ್ಳು ಕೂಡಿಸಿ ಬೇಯಿಸಿದ ಅನ್ನ. ಹದಿನಾರನೆಯ ಶತಮಾನದ ಭಾವಪ್ರಕಾಶವೆಂಬ ವೈದ್ಯಗ್ರಂಥದಲ್ಲಿ ಅಕ್ಕಿಬೇಳೆಗಳನ್ನು ಉಪ್ಪು, ಶುಂಠಿ, ಇಂಗುಗಳೊಡನೆ ನೀರಿನಲ್ಲಿ ಬೇಯಿಸಿದ ಆಹಾರ. ಆ ಗ್ರಂಥಕಾರನು ಇದನ್ನು ಬಲಕರವೆಂದೂ ಗುರುವೆಂದೂ, ಎಂದರೆ ಜೀರ್ಣಕ್ಕೆ ಭಾರವೆಂದೂ ಹೇಳುವನು. ಶುಂಠಿ, ಮೆಣಸು, ಇಂಗುಗಳು ಹುಗ್ಗಿಯಲ್ಲಿ ಏಕೆ ಇರಬೇಕೆಂಬುದಕ್ಕೆ ಇದೇ ಉತ್ತರ. ಅವು ಭಾರವನ್ನು ಹಗುರಮಾಡುವುವು. ದೇವಭಾಷೆಯ ಶಬ್ದಕ್ಕೇ ಕಾಲಭೇದದಿಂದ ಅರ್ಥಭೇದವಾಗಬಹುದಾದರೆ ದೇಶಭಾಷೆಯ ಶಬ್ದಕ್ಕೆ ದೇಶಭೇದದಿಂದ ಅರ್ಥಭೇದವಾದುದು ಆಶ್ಚರ್ಯವಲ್ಲ.

ಪರದೇಶದ ಪ್ರವಾಸಿಗಳೂ ಇದನ್ನು ಕಂಡಿರುವರು. ೧೩೩೩ರಲ್ಲಿ ಹಿಂದುಸ್ಥಾನಕ್ಕೆ ಬಂದ ಇಬ್ನ್ ಬತೂತನು ಜನರು ಹೆಸರನ್ನು ಅಕ್ಕಿಯೊಡನೆ ಬೇಯಿಸಿ, ತುಪ್ಪ ಹಾಕಿಕೊಂಡು ದಿನವೂ ಬೆಳಗಿನಲ್ಲಿ ಉಣ್ಣುವರೆಂದು ಬರೆದನು. ಸುಮಾರು ೧೪೭೦ರಲ್ಲಿ ಬಹಮನಿ ರಾಜಧಾನಿಯಾದ ಬೀದರಿನಲ್ಲಿದ್ದ ರಷ್ಯಾ ದೇಶದ ವರ್ತಕ ಅಫನಾಸಿ ನಿಕಿತಿನನು ಕುದುರೆಗಳಿಗೂ ಸಕ್ಕರೆ ಎಣ್ಣೆಗಳನ್ನು ಕೂಡಿಸಿದ ಖಿಚಡಿಯನ್ನು ತಿನ್ನಿಸುವರೆಂದು ಬರೆದನು. ಸುಮಾರು ೧೫೯೦ರ ಐನೆ ಅಕ್ಬರಿಯಲ್ಲಿ ಅರಮನೆಯ ಖಿಚಡಿಗೆ ಅಕ್ಕಿ ೫ ಸೇರು, ಬೇಳೆ ೫ ಸೇರು, ತುಪ್ಪ ೫ ಸೇರು, ಉಪ್ಪು ಸೇರಿನ ಮೂರನೆಯ ಒಂದು ಪಾಲು ಎಂದು ಪ್ರಮಾಣವನ್ನು ಕೊಟ್ಟಿದೆ. ಧಾನ್ಯದ ಅರ್ಧದಷ್ಟು ತುಪ್ಪ! ಬಡವನ ಗಡಿಗೆಯಲ್ಲಿ ಒಂದು ಮಿಳ್ಳೆ ತುಪ್ಪವೂ ಇರಲಿಕ್ಕಿಲ್ಲ. ಆದರೂ ಎರಡಕ್ಕೂ ಹೆಸರು ಒಂದೇ. ಈ ವ್ಯತ್ಯಾಸ ನೆಲದ್ದಲ್ಲ, ಸಂಪತ್ತಿನದು.

ಕನ್ನಡನಾಡಿನ ವಿದ್ವಾಂಸರೂ ಅಡಿಗೆಯನ್ನು ವಿದ್ಯೆಯೆಂದೇ ಎಣಿಸಿದ್ದರು. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಪಾಕವಿಚಾರವುಂಟು. ಕಲ್ಯಾಣದಲ್ಲಿ ರಾಜ್ಯವಾಳಿದ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವನ್ನಿಟ್ಟು ಅಕ್ಕಿಯ ಬಗೆಗಳನ್ನು ವರ್ಣಿಸಿರುವನು. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ಸೂಪಶಾಸ್ತ್ರವೆಂಬ ಗ್ರಂಥವನ್ನೇ ಕನ್ನಡದಲ್ಲಿ ಬರೆದನು. ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವುಂಟು. ರಾಜರೂ ಕವಿಗಳೂ ಕೀಳೆಂದು ಎಣಿಸದ ವಿಷಯವನ್ನು ಮಠದ ಸಭೆಯೂ ಕೀಳೆಂದು ಎಣಿಸಬೇಕಾಗಿಲ್ಲ.

ಇಷ್ಟರಿಂದ ದೇಶಭೇದದ ಕಾರಣವು ಸ್ಪಷ್ಟವಾಯಿತು. ಆದರೆ ನೆಲದ ಗಡಿಗಳು ಶಾಶ್ವತವೆಂದು ತಿಳಿಯಬಾರದು. ೧೯೧೧ರಲ್ಲಿ ಆರಂಭವಾಗಿ ೧೯೩೧-೩೨ರ ವೇಳೆಗೆ ಮುಗಿದ ಕೃಷ್ಣರಾಜಸಾಗರದ ನೀರು ಮಂಡ್ಯದ ರಾಗಿಯ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿಯೂ ಕಬ್ಬಿನ ತೋಟಗಳನ್ನಾಗಿಯೂ ಮಾಡಿತು. ೧೯೫೩ರಲ್ಲಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಜೋಳದ ಎರೆಭೂಮಿಯೇ ಅಕ್ಕಿಯ ಕಣಜವಾಯಿತು. ಒಂದು ತಲೆಮಾರಿನ ಹಿಂದೆ ಅಕ್ಕಿಯ ಅನ್ನವನ್ನು ಹಬ್ಬಕ್ಕೆ ಮಾತ್ರ ಕಂಡ ಮನೆಗಳಲ್ಲಿ ಈಗ ಅದು ನಿತ್ಯದ ಊಟ. ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯದ ಯೋಜನೆಯಿಂದ ಅಕ್ಕಿ ಬೆಳೆಯದ ಹಳ್ಳಿಗಳಿಗೂ ಅಕ್ಕಿ ತಲುಪಿತು. ಹಸಿವು ತಗ್ಗಿದುದು ಸಂತೋಷಪಡತಕ್ಕ ವಿಷಯವೇ, ಅದರಲ್ಲಿ ಸಂಶಯವಿಲ್ಲ.

ಆದರೆ ಈ ಲಾಭದ ಬೆನ್ನಿಗೇ ಒಂದು ನಷ್ಟವೂ ಬಂದಿತು. ಜವೆಗೋಧಿಯನ್ನು ಕುಟ್ಟುವ ಒರಳು ಅಂಗಳದಲ್ಲಿ ಕವುಚಿಬಿದ್ದಿತು. ಕುಟ್ಟುವ ಶ್ರಮವಿಲ್ಲದ ಗೋಧಿರವೆಯಿಂದ ಹುಗ್ಗಿ ಮಾಡಿದರಾಯಿತೆಂದು ಜನರು ಸಮಾಧಾನಪಟ್ಟುಕೊಂಡರು. ನವಣೆಯ ಹೊಲಗಳು ಕುಗ್ಗಿದುವು. ಹಾಸನದ ಕಡೆಯ ರಾಜಮುಡಿಯಂಥ ಕೆಂಬಣ್ಣದ ಅಕ್ಕಿಯನ್ನು ಬಿಟ್ಟು, ಹೊಳಪು ಕೊಟ್ಟ ಬಿಳಿಯ ಅಕ್ಕಿಯನ್ನೇ ಎಲ್ಲರೂ ಬಯಸಿದರು. ಮೊದಲು ಹೇಳಿದ ಲಕ್ಷಣವನ್ನು ಇಲ್ಲಿ ನೆನೆಯಬೇಕು. ಅಕ್ಕಿಯ ಬದಲು ಗೋಧಿ ಬಂದರೆ ಲಕ್ಷಣಕ್ಕೆ ಭಂಗವಿಲ್ಲ. ಆದರೆ ಕಾಳೇ ಕಾಣದಂತೆ ಪುಡಿಯಾದ ರವೆಯನ್ನು ಕದಡಿ ಇಳಿಸಿದರೆ ಕರಗಿಯೂ ಕಾಣುವ ಕಾಳು ಎಲ್ಲಿ? ಅದು ಸಜ್ಜಿಗೆಯಾಗಬಹುದು, ಹುಗ್ಗಿಯಾಗದು. ಹೀಗಾಗಿ ಹೆಸರು ಉಳಿದು ವಸ್ತು ಹೋಗುವುದು. ದೇಶಭೇದದಿಂದ ಹುಗ್ಗಿ ಕೆಡಲಿಲ್ಲ, ಮರೆವಿನಿಂದ ಕೆಡುವುದು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. “ಹೆಸರು ಒಂದಾದ ಮೇಲೆ ಮೂಲವೂ ಒಂದಿರಲೇಬೇಕಲ್ಲವೇ? ಹಳೆಯದು ಯಾವುದೋ ಅದೇ ಶುದ್ಧ, ಉಳಿದುದು ವಿಕಾರ” ಎಂದು ಕೆಲವರು ವಾದಿಸುವರು. ಈ ವಾದವು ಸಭೆಯಲ್ಲಿ ನಿರಪಾಯವಾಗಿ ಕಂಡರೂ ಮನೆಯಲ್ಲಿ ಹಾಗಲ್ಲ. ಕೃಷ್ಣಾತೀರದ ಹಳ್ಳಿಯ ಹೆಣ್ಣುಮಗಳೊಬ್ಬಳು ಕಾವೇರಿತೀರದ ಮನೆಗೆ ಸೊಸೆಯಾಗಿ ಬರುವಳೆಂದು ಭಾವಿಸೋಣ. ಹಬ್ಬದ ಹಿಂದಿನ ದಿನ ಅತ್ತೆ ಹುಗ್ಗಿ ಮಾಡೆಂದು ಹೇಳುವಳು. ಸೊಸೆ ತವರಿನಿಂದ ತಂದ ಗೋಧಿಯನ್ನು ರಾತ್ರಿಯೇ ನೆನೆಯಿಟ್ಟು, ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಒಲೆಯ ಮುಂದೆ ಎರಡು ತಾಸು ಕುಳಿತು ಹುಗ್ಗಿಯನ್ನು ಇಳಿಸುವಳು. “ಏನಮ್ಮ ಇದು? ಹುಗ್ಗಿ ಮಾಡೆಂದರೆ ಗೋಧಿಯ ಪಾಯಸ ಮಾಡಿಟ್ಟಿದ್ದೀಯೆ. ನಿಮ್ಮ ಕಡೆ ಹುಗ್ಗಿ ಮಾಡುವುದಕ್ಕೂ ಬರುವುದಿಲ್ಲವೇ?” ಎಂದು ಅತ್ತೆ ನೆಂಟರಿಷ್ಟರ ಮುಂದೆ ಕೇಳಿದರೆ, “ನಮ್ಮ ಕಡೆ ಇದಕ್ಕ ಹುಗ್ಗಿ ಅಂತಾರ್ರೀ, ಅತ್ತೀ” ಎಂಬ ಮಾತು ಆ ಹುಡುಗಿಯ ಗಂಟಲಲ್ಲಿಯೇ ಉಳಿಯುವುದು. ಅತ್ತೆಯ ಮಾತು ಒಂದು ಪಾತ್ರೆಯನ್ನು ಮಾತ್ರ ನಿಂದಿಸಲಿಲ್ಲ. ಅವಳ ತಾಯಿಯನ್ನೂ, ಅವಳು ಹುಟ್ಟಿದ ನೆಲವನ್ನೂ ನಿಂದಿಸಿತು. ಮೈಸೂರಿನ ಹುಡುಗಿ ಬಾಗಲಕೋಟೆಗೆ ಸೊಸೆಯಾಗಿ ಹೋಗಿ ಹಬ್ಬದ ದಿನ ಮೆಣಸಿನ ಹುಗ್ಗಿಯನ್ನು ಬಡಿಸಿದರೂ ಕಥೆ ಇದೇ. ಸಿಹಿಯನ್ನು ಕಾದಿದ್ದ ಮನೆಯವರು ಮುಖ ಮುಖ ನೋಡಿಕೊಳ್ಳುವರು.

ಸಿದ್ಧಾಂತವು ಹೀಗಿದೆ. ಹುಗ್ಗಿಯ ಸ್ವರೂಪವು ಪಾಕಕ್ರಿಯೆಯಲ್ಲಿದೆ. ಧಾನ್ಯವು ಅದಕ್ಕೆ ಉಪಾಧಿ. ಒಂದೇ ನೀರು ಕೆಂಪು ನೆಲದ ಕೆರೆಯಲ್ಲಿ ಕೆಂಪಾಗಿಯೂ ಎರೆಭೂಮಿಯ ಹಳ್ಳದಲ್ಲಿ ಕಪ್ಪಾಗಿಯೂ ತೋರಿದರೆ ನೀರು ಎರಡಾಗಲಿಲ್ಲ. ಹಾಗೆಯೇ ಒಂದೇ ಪಾಕಕ್ರಿಯೆಯು ಗದ್ದೆಯ ನಾಡಿನಲ್ಲಿ ಅಕ್ಕಿಯನ್ನೂ, ಎರೆಯ ನಾಡಿನಲ್ಲಿ ಗೋಧಿಯನ್ನೂ, ಮಕ್ಕಿಯ ನಾಡಿನಲ್ಲಿ ನವಣೆಯನ್ನೂ ಆಶ್ರಯಿಸಿತು. ಇವುಗಳಲ್ಲಿ ಒಂದು ಪ್ರಕೃತಿ, ಉಳಿದವು ವಿಕೃತಿ ಎಂಬ ವಿಭಾಗಕ್ಕೆ ಪ್ರಮಾಣವಿಲ್ಲ. ತನ್ನ ನೆಲ ಕೊಟ್ಟ ಧಾನ್ಯವನ್ನು ಶ್ರಮದಿಂದಲೂ ತಾಳ್ಮೆಯಿಂದಲೂ ಬೇಯಿಸಿದ ಪ್ರತಿಯೊಂದು ಒಲೆಯೂ ಹುಗ್ಗಿಗೆ ಮೂಲವೇ.

ಇನ್ನು ಈ ವಿಷಯಕ್ಕೂ ಮಠದ ದಾಸೋಹಕ್ಕೂ ಇರುವ ಸಂಬಂಧವನ್ನು ಹೇಳಿ ಮುಗಿಸಬೇಕು. ಹುಗ್ಗಿ ಬಹುಜನಭೋಜನಕ್ಕೆ ಅನುಕೂಲವಾದ ಆಹಾರ. ಕೊಪ್ಪರಿಗೆಯ ತಳದಲ್ಲಿರುವುದೂ ಮೇಲಿರುವುದೂ ಒಂದೇ. ಮೊದಲ ಪಂಕ್ತಿಯ ಎಲೆಗೂ ಕೊನೆಯ ಪಂಕ್ತಿಯ ಎಲೆಗೂ ಭೇದವಿಲ್ಲ. ಆರಿಸಿ ಬಡಿಸುವುದಕ್ಕೆ ಅದರಲ್ಲಿ ಏನೂ ಇಲ್ಲ. ಹಲ್ಲಿಲ್ಲದ ಮುದುಕರೂ ಹಲ್ಲು ಬಾರದ ಶಿಶುಗಳೂ ಅದನ್ನು ಉಣ್ಣಬಲ್ಲರು. ದಕ್ಷಿಣೋತ್ತರಗಳ ಭಕ್ತರು ಕೂಡುವ ಉತ್ಸವಗಳಲ್ಲಿ ಒಂದು ದಿನ ಅಕ್ಕಿಯ ಹುಗ್ಗಿಯನ್ನೂ ಮತ್ತೊಂದು ದಿನ ಗೋಧಿಯ ಹುಗ್ಗಿಯನ್ನೂ, ಸಾಧ್ಯವಾದರೆ ಇನ್ನೊಂದು ದಿನ ನವಣೆಯದನ್ನೂ ಮಾಡಿಸಿದರೆ, ಅರ್ಥಭೇದದ ವಿವಾದವು ಪಂಕ್ತಿಯಲ್ಲಿಯೇ ಶಮನವಾಗುವುದು. ಹೊಸ ಹೊಟ್ಟುಗೋಧಿಗೂ ನವಣೆಗೂ ಕೊಳ್ಳುವವರು ಸಿಕ್ಕಿ, ಬೆಳೆಯುವ ರೈತನಿಗೂ ಆಸರೆಯಾಗುವುದು.

ಆದರೆ ದಾಸೋಹಕ್ಕೆ ಅಳತೆಯೂ ಬೇಕು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿಯ ಮಾರಯ್ಯನ ಚರಿತ್ರೆಯನ್ನು ಭಕ್ತರೆಲ್ಲರೂ ಬಲ್ಲರು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೆಂದು ಹೇಳಿ, ಅದನ್ನು ತಂದಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ಹುಗ್ಗಿಯ ವಿಷಯದಲ್ಲಿ ಈ ಚರಿತ್ರೆಗೆ ವಿಶೇಷಾರ್ಥವುಂಟು. ಅನ್ನ ಮಿಕ್ಕರ ಮರುದಿನಕ್ಕೆ ಒಗ್ಗರಣೆಯಾದರೂ ಆದೀತು. ಹುಗ್ಗಿ ಆರಿದಂತೆ ಗಟ್ಟಿಯಾಗಿ, ಬೇಳೆ ಕೂಡಿದುದರಿಂದ ಬೇಗ ಹಳಸುವುದು. ಆದಕಾರಣ ಅಡಿಗೆಯ ಉಸ್ತುವಾರಿಯವರು ಪಂಕ್ತಿಯನ್ನು ಎಣಿಸಿ ಎರಡನೆಯ ಕೊಪ್ಪರಿಗೆಯನ್ನು ಒಲೆಗೇರಿಸತಕ್ಕದ್ದು. ಗಟ್ಟಿಯಾದುದನ್ನು ಸಡಿಲಿಸಬೇಕಾದರೆ ಕುದಿನೀರನ್ನೇ ಬೆರೆಸತಕ್ಕದ್ದು, ತಣ್ಣೀರನ್ನಲ್ಲ. ಬಡಿಸುವವರು ಮೊದಲು ಸ್ವಲ್ಪವನ್ನೇ ಬಡಿಸಿ ಕೇಳಿದವರಿಗೆ ಮತ್ತೆ ಬಡಿಸತಕ್ಕದ್ದು. ಉಣ್ಣುವವರು ಎಲೆಯಲ್ಲಿ ಬಿಡಬಾರದು. ಎಲೆಯಲ್ಲಿ ಉಳಿದ ತುತ್ತು ಒಬ್ಬ ರೈತನ ಬೆವರನ್ನೂ, ಒಬ್ಬ ತಾಯಿಯ ಒನಕೆಯ ಪೆಟ್ಟನ್ನೂ ವ್ಯರ್ಥಮಾಡಿದಂತೆ.

ಭಕ್ತಮಹಾಶಯರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಪಂಕ್ತಿ ಸಿದ್ಧವಾಗುವುದು. ಪಕ್ಕದಲ್ಲಿ ಕುಳಿತವರು ಯಾವ ನಾಡಿನವರೋ, ಅವರ ಮನೆಯ ಹುಗ್ಗಿ ಎಂಥದೋ ಕೇಳಿ ತಿಳಿದುಕೊಳ್ಳಿರಿ. ಅಕ್ಕಿಯದೋ ಗೋಧಿಯದೋ ನವಣೆಯದೋ, ಅವರು ಹೇಳಿದುದನ್ನು ಹುಗ್ಗಿಯೆಂದೇ ಒಪ್ಪಿಕೊಳ್ಳಿರಿ. ಮನೆಗೆ ಹಿಂದಿರುಗಿದ ಮೇಲೆ ಒರಳು ಕವುಚಿಬಿದ್ದಿದ್ದರೆ ಅದನ್ನು ವರ್ಷಕ್ಕೊಮ್ಮೆಯಾದರೂ ಮೇಲೆತ್ತಿ ತೊಳೆಯಿರಿ. ಮಕ್ಕಳಿಗೆ ಕಾಳಿನ ಗುರುತು ಉಳಿದರೆ ಹೆಸರಿನ ಹಿಂದೆ ವಸ್ತುವೂ ಉಳಿಯುವುದು.

ಸರ್ವರಿಗೂ ಅನ್ನವು ಅಕ್ಷಯವಾಗಲಿ. ಶುಭಮಸ್ತು.